ಸ್ವಾಗತ ಗೀತೆ ಹಾಡಿದ ಹುಡುಗಿ

ನವೆಂಬರ್ ಬಂತೆಂದರೆ ‘ಉದಯವಾಗಲಿ’ ಕೇಳಿಸದ ಶಾಲೆ ಅಪರೂಪ. ಬರೆದವರು ಹುಯಿಲಗೋಳ ನಾರಾಯಣರಾಯರು. ಗದಗಿನ ವಕೀಲರು, ನಾಟಕಕಾರರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಈ ಹಾಡು ಸ್ವಾಗತ ಗೀತೆಯಾಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಅಧಿವೇಶನವದು. ಆವರಣಕ್ಕೆ ವಿಜಯನಗರವೆಂದು ಹೆಸರಿಟ್ಟಿದ್ದರು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು. ಹೆಸರುಗಳಲ್ಲೇ ಆಸೆ ಎದ್ದು ಕಾಣುತ್ತದೆ. ಕನ್ನಡಿಗರು ಆಗ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಇಲ್ಲದ ನಾಡನ್ನು ಹೊಗಳುವುದು ಹೇಗೆ? ಹಾಗಾಗಿ ಕವಿ ‘ಆಗಿದೆ’ ಎನ್ನಲಿಲ್ಲ, ‘ಆಗಲಿ’ ಎಂದರು.

ಆ ವೇದಿಕೆಯಲ್ಲಿ ಹಾಡಿದವರಲ್ಲಿ ಧಾರವಾಡದ 11 ವರ್ಷದ ಹುಡುಗಿಯೊಬ್ಬಳಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಹೆಸರಾದವಳು. ನಮಗೆ ಪರಿಚಯವಿರುವ ಆ ಗಡಸು, ಘನ ಕಂಠ ಬಂದದ್ದು ಆಮೇಲೆ. ಅಂದಿನದು ಎಳೆಯ ದನಿ.

ಗಾಂಧೀಜಿಯ ಎದುರು ಹಾಡುವ ಮಗುವಿಗೆ ಏನು ಭಯವಿರಬಹುದು? ಶ್ರುತಿ ತಪ್ಪೀತು, ಸಾಲು ಮರೆತೀತು ಎಂದುಕೊಳ್ಳುತ್ತೇವೆ. ಗಂಗೂಬಾಯಿಯವರು ದೊಡ್ಡವರಾದ ಮೇಲೆ ನೆನಪಿಸಿಕೊಂಡ ಭಯವೇ ಬೇರೆ. ತಾನು ಕೆಳಜಾತಿಯವಳು, ಎಲ್ಲರ ಊಟವಾದ ಮೇಲೆ ತನಗೆ ಎಂಜಲು ಎತ್ತಲು ಹೇಳಿಬಿಟ್ಟರೆ? ಈ ಭಯ ಎಲ್ಲಿಂದಲೋ ಉದುರಿದ್ದಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡದಲ್ಲಿ ನೆರೆಯವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದಾಗ, ಕಳ್ಳತನಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದೇ ಅವರಿಗೆ ದೊಡ್ಡ ಅಪರಾಧವಾಗಿ ಕಂಡಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅದೇ ಜನ ಊಟಕ್ಕೆ ಕರೆದರಂತೆ.

ಏಕೀಕರಣದ ಚರಿತ್ರೆ ಓದುವಾಗ ನಿರ್ಣಯ, ಸಮಿತಿ, ಭಾಷಣಗಳು ಬೇಕಾದಷ್ಟು ಸಿಗುತ್ತವೆ. ಆ ದಿನದ ಕುರಿತು ನನಗೆ ಅವೆಲ್ಲಕ್ಕಿಂತ ಹೆಚ್ಚು ತಿಳಿಸಿದ್ದು ಈ ಒಂದು ನೆನಪು. ನಾಡು ಒಂದಾಗಲಿ ಎಂದು ಹಾಡುತ್ತಿದ್ದ ಮಗುವಿಗೆ ಪಂಕ್ತಿಯಲ್ಲಿ ತನ್ನ ಜಾಗ ಎಲ್ಲಿ ಎಂಬುದೇ ಗೊತ್ತಿರಲಿಲ್ಲ. ಚಳವಳಿಗಾರರು ಬಿಡಿಸಲು ಹೊರಟಿದ್ದು ಪ್ರಾಂತ್ಯಗಳ ಗಡಿಯನ್ನು. ಊಟದ ಮನೆಯ ಗಡಿ ಅವರ ನಕ್ಷೆಯಲ್ಲಿ ಅಷ್ಟಾಗಿ ಇರಲಿಲ್ಲವೆಂದೇ ನನ್ನ ಅನಿಸಿಕೆ.

1956ರ ನವೆಂಬರ್ 1ರಂದು ಹಾಡಿನ ಹಾರೈಕೆ ಫಲಿಸಿತು, ಆದರೆ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರಲ್ಲಿ; ಹುಯಿಲಗೋಳರು 1971ರಲ್ಲೇ ತೀರಿಕೊಂಡಿದ್ದರು. 2004ರಲ್ಲಿ ನಾಡಗೀತೆಯ ಪಟ್ಟ ಸಿಕ್ಕಿದ್ದು ಕುವೆಂಪು ಅವರ ಕವಿತೆಗೆ. ‘ಉದಯವಾಗಲಿ’ ಯಾವ ಪಟ್ಟವೂ ಇಲ್ಲದೆ, ‘ಆಗಲಿ’ಯನ್ನು ಹಾಗೇ ಉಳಿಸಿಕೊಂಡು, ಶಾಲೆಯ ಅಂಗಳಗಳಲ್ಲಿ ಮುಂದುವರಿದಿದೆ.