ರೈಲಿನ ನೆಪದಲ್ಲಿ ಉಳಿದ ಊರು

ಇತಿಹಾಸ ಅಂದ ಕೂಡಲೇ ನಮಗೆ ನೆನಪಾಗೋದು ಏನು? ರಾಜರು, ಯುದ್ಧಗಳು, ಒಪ್ಪಂದಗಳು, ಇಸವಿಗಳು. ಒಬ್ಬ ಸಾಮಾನ್ಯ ರೈತನ ಮನೆಯ ಬಾಗಿಲಿಗೆ ಯಾವ ಬಣ್ಣ ಬಳಿದಿದ್ದರು, ಅವನ ಹಿತ್ತಲಲ್ಲಿ ಏನು ಬೆಳೆದಿತ್ತು ಅನ್ನೋದನ್ನ ಯಾರು ಲೆಕ್ಕ ಇಡ್ತಾರೆ? ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯ ಇಟ್ಟ. ಅದೂ ಮಾದರಿ ರೈಲಿನ ಹುಚ್ಚು ಹತ್ತಿಸಿಕೊಂಡಿದ್ದವನು.

ಆತನ ಹೆಸರು ರಾಯ್ ಇಂಗ್ಲೆಂಡ್. ಹೆಸರಲ್ಲೇ ಇಂಗ್ಲೆಂಡ್ ಇದ್ದರೂ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. 1925ರಲ್ಲಿ, ಇನ್ನೂ ಯುವಕನಾಗಿದ್ದಾಗ, ಹಡಗು ಹತ್ತಿ ಬಂದ. ಸ್ವಿಂಡನ್ ಪಟ್ಟಣದ ಸುತ್ತ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್‌ಗಳನ್ನ ನೋಡಿ ಮರುಳಾದ. ಸ್ವಿಂಡನ್ ಅಂದರೆ ಆ ಕಂಪನಿಯ ದೊಡ್ಡ ಕಾರ್ಖಾನೆ ಇದ್ದ ಊರು. ಅಲ್ಲಿಂದ ಪೂರ್ವಕ್ಕೆ ವೈಟ್ ಹಾರ್ಸ್ ಕಣಿವೆ. ಹುಲ್ಲು ಹೊದಿಸಿದ ಮನೆಗಳು, ಕಲ್ಲಿನ ಗೋಡೆಗಳು, ಹೂವಿನ ಕೈತೋಟಗಳು.

ಆದರೆ ಆತ ನೋಡನೋಡುತ್ತಲೇ ಆ ಹಳ್ಳಿಗಳು ಬದಲಾಗತೊಡಗಿದವು. ಹುಲ್ಲು ಕಿತ್ತು ಬೇರೆ ಸೂರು ಹಾಕಿದರು. ಹಳೆಯ ಮನೆಗಳನ್ನ ಕೆಡವಿದರು. ತಪ್ಪಾ? ಖಂಡಿತ ಅಲ್ಲ. ಸೋರುವ ಮನೆಯಲ್ಲಿ ಮಳೆಗಾಲ ಕಳೆದವನಿಗೆ ಹೊಸ ಸೂರೇ ಸುಖ. ಅದನ್ನ ಬೇಡ ಅನ್ನೋಕೆ ನೋಡಲು ಬಂದವನಿಗೆ ಯಾವ ಹಕ್ಕಿದೆ? ರಾಯ್ ಇಂಗ್ಲೆಂಡ್ ಬೇಡ ಅನ್ನಲೂ ಇಲ್ಲ. ಇದು ಹೋಗುತ್ತೆ, ಹೋಗೋ ಮೊದಲು ಅಳತೆ ತೆಗೆದುಕೊಳ್ಳಬೇಕು ಅಂತ ತೀರ್ಮಾನಿಸಿದ.

ಅಳತೆ ಅಂದರೆ ಅಂತಿಂಥದ್ದಲ್ಲ. ಒಂದು ಅಡಿಗೆ 4 ಮಿಲಿಮೀಟರ್. ಅಂದರೆ ನಿಜದ 76ನೇ ಒಂದು ಭಾಗ. ಆರಡಿ ಎತ್ತರದ ಮನುಷ್ಯ ಇಲ್ಲಿ 24 ಮಿಲಿಮೀಟರ್, ನಿಮ್ಮ ಹೆಬ್ಬೆರಳಿನ ತುದಿಯಷ್ಟು. ಗೋಡೆಗೆ ರಟ್ಟು, ಸೂರಿಗೆ ನಾರು. ಇಟ್ಟಿಗೆಗಳನ್ನ ಒಂದೊಂದಾಗಿ ಗೀರಿ ಬಣ್ಣ ಹಚ್ಚಬೇಕು. ಕಿಟಕಿಯೊಳಗಿನ ಪರದೆಯನ್ನೂ ಬಿಡುವ ಹಾಗಿಲ್ಲ. ಒಂದೊಂದು ಮನೆಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಕೆಲಸ!

1954ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟನ್‌ಹ್ಯಾಮ್ ಅನ್ನೋ ಹಳ್ಳಿಯಲ್ಲಿ, ಹಿಂದೆ ಪಬ್ ಆಗಿದ್ದ ಕಟ್ಟಡದಲ್ಲಿ, ಈ ಕೆಲಸಕ್ಕೆ ನೆಲೆ ಸಿಕ್ಕಿತು. ಅದೇ ಪೆಂಡನ್ ಮ್ಯೂಸಿಯಂ. ಒಬ್ಬನ ಹುಚ್ಚು ಹಲವರಿಗೆ ಅಂಟಿತು. ಗೈ ವಿಲಿಯಮ್ಸ್ ಅನ್ನೋರು ಎಂಜಿನ್ ಮೇಲೆ ಎಂಜಿನ್ ಕಟ್ಟಿಕೊಟ್ಟರು. ಜಾನ್ ಅಹರ್ನ್ ಅನ್ನೋ ಇನ್ನೊಬ್ಬ ಹವ್ಯಾಸಿ ತಮ್ಮ ಮನೆಯಲ್ಲಿ ಕಟ್ಟಿದ್ದ 'ಮ್ಯಾಡರ್ ವ್ಯಾಲಿ' ರೈಲು, ಅವರು ತೀರಿಕೊಂಡ ಮೇಲೆ ಇಲ್ಲಿಗೇ ಬಂತು. ಇಲ್ಲದಿದ್ದರೆ ಇಂಥವು ಎಲ್ಲಿಗೆ ಹೋಗ್ತವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಜಮಾನ ಹೋದ ಮೇಲೆ ಅಟ್ಟಕ್ಕೆ, ಅಟ್ಟದಿಂದ ಗುಜರಿಗೆ.

ಈಗ ಹೊರಗಿನ ಪ್ರಪಂಚ ಏನಾಯಿತು ನೋಡಿ. 1835ರಲ್ಲಿ ಹುಟ್ಟಿದ ಗ್ರೇಟ್ ವೆಸ್ಟರ್ನ್ ಕಂಪನಿ 1948ರ ಜನವರಿ 1ರಂದು ರಾಷ್ಟ್ರೀಕರಣವಾಗಿ ಸರ್ಕಾರದ ಪಾಲಾಯಿತು. 1963ರಲ್ಲಿ ಬೀಚಿಂಗ್ ವರದಿ ಬಂತು. ನಷ್ಟದ ಲೆಕ್ಕ ತೋರಿಸಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನ ಮುಚ್ಚಿ ಅಂತ ಹೇಳಿತು. 1968ರ ಆಗಸ್ಟ್‌ನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿಯ ಕಾಲವೇ ಮುಗಿಯಿತು.

ಪೆಂಡನ್‌ನಲ್ಲಿ ಡಾರ್ಟ್‌ಮೂರ್ ಸೀಮೆಯ ಒಂದು ದೃಶ್ಯ ಇದೆ. ಅದರಲ್ಲಿ ಮರದ ಎತ್ತರದ ಸೇತುವೆ. ಬ್ರೂನೆಲ್ ಎಂಬ ಮಹಾ ಎಂಜಿನಿಯರ್ ರೂಪಿಸಿದ ಮಾದರಿಯ ವಾಕಮ್ ಸೇತುವೆಯನ್ನ ನೋಡಿಕೊಂಡು ಕಟ್ಟಿದ್ದು. ನಿಜವಾದ ಸೇತುವೆಯ ಮರ 1910ರಲ್ಲೇ ಹೋಗಿ ಕಬ್ಬಿಣ ಬಂತು. 1962ರ ಕೊನೆಗೆ ಆ ಮಾರ್ಗವೇ ಮುಚ್ಚಿಹೋಯಿತು. ಈಗ ಆ ಮರದ ಸೇತುವೆಯ ಮೇಲೆ ರೈಲು ಹೋಗೋದನ್ನ ನೋಡಬೇಕಾ? ಪೆಂಡನ್‌ಗೇ ಹೋಗಬೇಕು.

ಕಂಪನಿಯ ಕಡತದಲ್ಲಿ ಎಂಜಿನ್ ನಂಬರ್ ಸಿಗುತ್ತೆ. ವರದಿಯಲ್ಲಿ ನಷ್ಟದ ಅಂಕಿ ಸಿಗುತ್ತೆ. ಆದರೆ ಆ ರೈಲು ಹಾದುಹೋಗುವಾಗ ಪಕ್ಕದ ಹಳ್ಳಿ ಹೇಗಿತ್ತು ಅನ್ನೋದಕ್ಕೆ ಸರ್ಕಾರದ ಕಡತದಲ್ಲಿ ಕಾಲಂ ಇಲ್ಲ. ಆ ಕಾಲಂ ತುಂಬಿದ್ದು ಸಂಬಳ ಇಲ್ಲದ ಒಬ್ಬ ಹವ್ಯಾಸಿ. ಅದೂ ಹೊರಗಿನಿಂದ ಬಂದವನು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ದಿನಾ ಕಾಣೋ ಮನೆ. ದಿನಾ ಕಾಣೋದನ್ನ ಯಾರು ಅಳತೆ ಮಾಡ್ತಾರೆ ಹೇಳಿ?

ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡರು. ಕಣಿವೆಯ ದೃಶ್ಯ ಆಗಲೂ ಮುಗಿದಿರಲಿಲ್ಲ. ಒಬ್ಬರ ಆಯುಷ್ಯದಲ್ಲಿ ಮುಗಿಯೋ ಕೆಲಸ ಅದಲ್ಲ. ಸ್ವಯಂಸೇವಕರು ಮುಂದುವರಿಸಿದರು. ಅವರಲ್ಲಿ ಬಹಳ ಜನ ಆ ಹಳ್ಳಿಗಳನ್ನ ಹಳೆಯ ರೂಪದಲ್ಲಿ ಕಣ್ಣಾರೆ ಕಂಡವರೇ ಅಲ್ಲ. ಅಳತೆಯ ಟಿಪ್ಪಣಿ, ಫೋಟೊ ನೋಡಿಕೊಂಡು ಕಟ್ಟಿದರು.

ನಿಮ್ಮೂರಲ್ಲೂ ನಾಳೆ ಯಾವುದೋ ಹಂಚಿನ ಮನೆ ಕೆಡವುತ್ತಾರೆ. ಕೆಡವಲಿ, ಅದು ಅವರ ಮನೆ. ನೀವು ಮ್ಯೂಸಿಯಂ ಕಟ್ಟಬೇಕಾಗಿಲ್ಲ. ಒಂದು ಟೇಪು ಹಿಡಿದು ಇವತ್ತು ಸಂಜೆ ಹೋಗಿ. ಜಗಲಿಯ ಉದ್ದ ಎಷ್ಟು, ಕಂಬಗಳೆಷ್ಟು, ಬಾಗಿಲಿನ ಬಣ್ಣ ಯಾವುದು ಅಂತ ಬರೆದಿಟ್ಟುಕೊಳ್ಳಿ. ಅಷ್ಟಾದರೂ ಉಳಿಯಲಿ.