ಅಡುಗೆಮನೆಯಲ್ಲಿದ್ದ ಹೂದಾನಿಗೆ 14 ಕೋಟಿ ರೂ.! ಚೀನಾ ಅರಮನೆಯ ಪಿಂಗಾಣಿಗೆ ಯಾಕಿಷ್ಟು ಬೆಲೆ?

ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಹೂದಾನಿಯೊಂದು ಕೋಟಿಗಟ್ಟಲೆ ಬೆಲೆಬಾಳಬಹುದೇ? ಬ್ರಿಟನ್‌ನ ಕುಟುಂಬವೊಂದಕ್ಕೆ 2022ರಲ್ಲಿ ಅಂಥದ್ದೇ ಅಚ್ಚರಿ ಎದುರಾಯಿತು. ಆದರೆ ಹಳೆಯ ಚೀನಾ ಪಿಂಗಾಣಿಯೆಲ್ಲ ಚಿನ್ನವಲ್ಲ. ಈ ಹೂದಾನಿಗಳ ವಿಶೇಷವೇನು, ಅಸಲಿ-ನಕಲಿ ಗೊಂದಲ ಏಕೆ, ಭಾರತದ ಕಾನೂನು ಏನು ಹೇಳುತ್ತದೆ? ಇಲ್ಲಿದೆ ಮಾಹಿತಿ.

ಏನಿದು ಹೂದಾನಿ ಕಥೆ?

1980ರ ದಶಕದಲ್ಲಿ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರೊಬ್ಬರು ಕೆಲವೇ ನೂರು ಪೌಂಡ್ ಕೊಟ್ಟು ನೀಲಿ ಬಣ್ಣದ ಹೂದಾನಿಯೊಂದನ್ನು ಖರೀದಿಸಿದ್ದರು. ನಂತರ ಅದು ಮಗನ ಕೈಸೇರಿತು. ಬೆಲೆ ಗೊತ್ತಿಲ್ಲದ ಕಾರಣ ಅದನ್ನು ಅಡುಗೆಮನೆಯಲ್ಲೇ ಇಡಲಾಗಿತ್ತು. ಸುಮಾರು 2 ಅಡಿ ಎತ್ತರದ ಈ ಹೂದಾನಿ 2022ರ ಮೇ 18ರಂದು ನ್ಯೂಬರಿಯ ಡ್ರೂಯಟ್ಸ್ ಸಂಸ್ಥೆಯಲ್ಲಿ ಹರಾಜಾಯಿತು. ನಿರೀಕ್ಷೆ ಇದ್ದದ್ದು ಹೆಚ್ಚೆಂದರೆ 1.5 ಲಕ್ಷ ಪೌಂಡ್. ಬಂದದ್ದು ಶುಲ್ಕ ಸೇರಿ 14.49 ಲಕ್ಷ ಪೌಂಡ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 14 ಕೋಟಿ ರೂ.

ಯಾವ ಕಾಲದ್ದು?

ಇದು ಚಿಂಗ್ ವಂಶದ ಚಿಯನ್‌ಲಾಂಗ್ ಚಕ್ರವರ್ತಿಯ ಕಾಲದ್ದು. ಆತ 1735ರಲ್ಲಿ ಪಟ್ಟಕ್ಕೇರಿ ಸುಮಾರು 60 ವರ್ಷ ಆಳಿದ. ಕಲಾವಸ್ತುಗಳ ದೊಡ್ಡ ಸಂಗ್ರಾಹಕ. ಅರಮನೆಗೆ ಬೇಕಾದ ಪಿಂಗಾಣಿ ಜಿಯಾಂಗ್ಸಿ ಪ್ರಾಂತ್ಯದ ಜಿಂಗ್‌ಡೆಝೆನ್ ಪಟ್ಟಣದ ರಾಜ ಆವಿಗೆಗಳಲ್ಲಿ ತಯಾರಾಗುತ್ತಿತ್ತು. ಹೂದಾನಿಯ ತಳದಲ್ಲಿ ಆರು ಅಕ್ಷರಗಳ ಮುದ್ರೆಯಿದೆ. 'ಮಹಾ ಚಿಂಗ್ ವಂಶದ ಚಿಯನ್‌ಲಾಂಗ್ ಆಳ್ವಿಕೆಯಲ್ಲಿ ತಯಾರಾದದ್ದು' ಎಂಬುದು ಇದರ ಅರ್ಥ.

ಚಿನ್ನದ ಚಿತ್ತಾರ ಹೇಗೆ?

ಗಾಢ ನೀಲಿ ಬಣ್ಣ ಬರುವುದು ಕೋಬಾಲ್ಟ್‌ನಿಂದ. ಇದಕ್ಕೆ 1,200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಅಷ್ಟು ಶಾಖವನ್ನು ಚಿನ್ನ, ಬೆಳ್ಳಿಯ ಚಿತ್ತಾರ ತಾಳುವುದಿಲ್ಲ. ಹಾಗಾಗಿ ಮೊದಲು ನೀಲಿ ಪಾತ್ರೆಯನ್ನು ಸುಟ್ಟು, ಆಮೇಲೆ ಅದರ ಮೇಲೆ ಚಿತ್ತಾರ ಬರೆದು, ಕಡಿಮೆ ಶಾಖದಲ್ಲಿ ಮತ್ತೆ ಸುಡಬೇಕು. ಪ್ರತಿ ಸಲವೂ ಬಿರುಕು ಬಿಡುವ ಅಪಾಯ ಇದ್ದೇ ಇರುತ್ತದೆ. ಚಿನ್ನ ಮೇಲ್ಪದರದಲ್ಲಷ್ಟೇ ಇರುವುದರಿಂದ ಉಜ್ಜಿದರೆ ಸವೆಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಎರಡೂ ಉಳಿದುಕೊಂಡ ಇಂತಹ ಹೂದಾನಿ ಅಪರೂಪವಾಗಿರುವುದು ಇದೇ ಕಾರಣಕ್ಕೆ.

ಹೂದಾನಿಯ ಮೇಲೆ ಕ್ರೌಂಚ ಪಕ್ಷಿಗಳು ಮತ್ತು ಬಾವಲಿಗಳಿವೆ. ನಮ್ಮಲ್ಲಿ ಬಾವಲಿ ಅಪಶಕುನ ಎನ್ನುವವರುಂಟು. ಚೀನಾದಲ್ಲಿ ಅದು ಶುಭ, ಏಕೆಂದರೆ ಚೀನೀ ಭಾಷೆಯಲ್ಲಿ ಬಾವಲಿ ಮತ್ತು ಅದೃಷ್ಟ ಎರಡಕ್ಕೂ 'ಫು' ಎಂಬ ಒಂದೇ ಉಚ್ಚಾರಣೆ. ಕ್ರೌಂಚ ದೀರ್ಘಾಯುಷ್ಯದ ಸಂಕೇತ.

ಮುದ್ರೆ ಇದ್ದರೆ ಅಸಲಿಯೇ?

ಖಂಡಿತ ಅಲ್ಲ. ಹಿಂದಿನ ಚಕ್ರವರ್ತಿಗಳ ಮುದ್ರೆಯನ್ನು ನಂತರದ ಕುಶಲಕರ್ಮಿಗಳು ಗೌರವಕ್ಕಾಗಿಯೂ ಹಾಕುತ್ತಿದ್ದರು, ಮೋಸಕ್ಕಾಗಿಯೂ ಹಾಕುತ್ತಿದ್ದರು. ತಜ್ಞರಿಗೂ ಇದು ಸುಲಭದ ತೀರ್ಮಾನವಲ್ಲ. 2022ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಫಾಂಟೆನ್‌ಬ್ಲೋದಲ್ಲಿ 20ನೇ ಶತಮಾನದ್ದೆಂದು ತಜ್ಞರು ಅಂದಾಜಿಸಿ 2,000 ಯೂರೋ ಬೆಲೆ ಕಟ್ಟಿದ್ದ ಹೂದಾನಿ 77 ಲಕ್ಷ ಯೂರೋಗೆ ಹೋಯಿತು! 18ನೇ ಶತಮಾನದ್ದೆಂದು ನಂಬಿದವರು ಪೈಪೋಟಿಗೆ ಬಿದ್ದಿದ್ದರು.

ಕೂಗಿದ ಬೆಲೆಯೆಲ್ಲ ಕೈಗೆ ಬರುತ್ತದೆ ಎಂದೂ ಇಲ್ಲ. 2010ರಲ್ಲಿ ಲಂಡನ್ ಬಳಿ ಚಿಯನ್‌ಲಾಂಗ್ ಕಾಲದ ಹೂದಾನಿಗೆ 4.3 ಕೋಟಿ ಪೌಂಡ್ ಕೂಗಲಾಗಿತ್ತು. ಆದರೆ ಕೂಗಿದವರು ಹಣ ಕೊಡಲಿಲ್ಲ. 2013ರಲ್ಲಿ ಅದು ಖಾಸಗಿಯಾಗಿ, ತುಂಬಾ ಕಡಿಮೆ ಬೆಲೆಗೆ ಮಾರಾಟವಾಯಿತು ಎಂದು ವರದಿಯಾಯಿತು.

ಭಾರತದಲ್ಲಿ ಎಲ್ಲಿ ನೋಡಬಹುದು?

ಹೈದರಾಬಾದ್‌ನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನಾ ಪಿಂಗಾಣಿಯ ಸಂಗ್ರಹವಿದೆ. ಗುಜರಾತ್‌ನ ವಡೋದರಾದಲ್ಲಿ ಮಹಾರಾಜ 3ನೇ ಸಯಾಜಿರಾವ್ ಗಾಯಕವಾಡ್ 1894ರಲ್ಲಿ ಸ್ಥಾಪಿಸಿದ ಬರೋಡಾ ಮ್ಯೂಸಿಯಂನಲ್ಲೂ ಚೀನಾದ ಕಲಾವಸ್ತುಗಳಿವೆ. ನಮ್ಮ ಹಂಪಿಯ ಉತ್ಖನನದಲ್ಲೂ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಚಿಯನ್‌ಲಾಂಗ್‌ಗಿಂತ ಶತಮಾನಗಳ ಹಿಂದೆಯೇ ವಿಜಯನಗರಕ್ಕೆ ಈ ಸರಕು ಬರುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ.

ನಿಮ್ಮ ಮನೆಯಲ್ಲಿದ್ದರೆ ಏನು ಮಾಡಬೇಕು?

* ಹುಣಸೆಹಣ್ಣು, ಸೋಪಿನ ಪುಡಿ ಹಾಕಿ ತಿಕ್ಕಬೇಡಿ. ಚಿನ್ನದ ಚಿತ್ತಾರ ಹೋದರೆ ಬೆಲೆಯೂ ಹೋಯಿತು.
* ಕತ್ತು ಹಿಡಿದು ಎತ್ತಬೇಡಿ, ತಳಕ್ಕೆ ಕೈಕೊಟ್ಟು ಎತ್ತಿ.
* ಯಾರು, ಎಲ್ಲಿ, ಯಾವಾಗ ಖರೀದಿಸಿದ್ದು ಎಂಬ ಹಳೆಯ ರಸೀದಿ, ಪತ್ರ, ಫೋಟೊಗಳನ್ನು ಜೋಪಾನ ಮಾಡಿ.
* 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವಿರುವ 100 ವರ್ಷಕ್ಕೂ ಹಳೆಯ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತದೆ. ಖಾಸಗಿಯವರು ಇದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ದೇಶದೊಳಗೆ ಇದರ ವ್ಯಾಪಾರ ಮಾಡುವವರಿಗೆ ಪರವಾನಗಿ ಕಡ್ಡಾಯ.
* ಆನ್‌ಲೈನ್‌ನಲ್ಲಿ 'ಕೋಟಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎನ್ನುವವರನ್ನು ನಂಬಬೇಡಿ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಥವಾ ವಸ್ತುಸಂಗ್ರಹಾಲಯದ ತಜ್ಞರನ್ನು ವಿಚಾರಿಸಿ.