ಲೈನ್ ಮನೆಗೆ ಬಂದ ಹಾಡು

ಚಿಕ್ಕಮಗಳೂರಿನ ಕಾಫಿಯ ಚರಿತ್ರೆ ಹೇಳುವವರು ಬಾಬಾಬುಡನ್ ತಂದರೆನ್ನುವ ಏಳು ಬೀಜಗಳಿಂದ ಶುರುಮಾಡುತ್ತಾರೆ. ಆಮೇಲೆ ಬಿಳಿ ದೊರೆಗಳು ಬರುತ್ತಾರೆ, ಅವರ ಬಂಗಲೆ, ಕ್ಲಬ್ಬು ಬರುತ್ತವೆ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಬರುತ್ತದೆ. ಕಾಡು ಸವರಿ, ಗುಂಡಿ ತೆಗೆದು, ಗಿಡ ನೆಟ್ಟು, ಹಣ್ಣು ಕುಯ್ದವರ ಹೆಸರು ಎಲ್ಲೂ ಬರುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ತೋಟವೊಂದರಲ್ಲಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಹುಟ್ಟಿದ ನಾನು ಆ ಚರಿತ್ರೆಯನ್ನು ಒಂದು ಹಾಡಿನಿಂದ ಶುರುಮಾಡುತ್ತೇನೆ. ಕವಿ ಸಿದ್ದಲಿಂಗಯ್ಯನವರ ‘ನಲವತ್ತೇಳರ ಸ್ವಾತಂತ್ರ್ಯ’ದ ಹಾಡು ಅದು.

ನನ್ನಜ್ಜ ಘಟ್ಟದ ಕೆಳಗಿನವರು. ಮೇಸ್ತ್ರಿ ಕೊಟ್ಟ ಮುಂಗಡ ಹಿಡಿದು, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದ ಕಡೆಗೆ ನಡೆದು ಬಂದರು. ಒಂದು ಕುಯ್ಲು ಮುಗಿಸಿ ಊರಿಗೆ ಹೋಗುವ ಯೋಚನೆ. ಮುಂಗಡ ತೀರಲಿಲ್ಲ, ಊರಿಗೆ ಹೋಗಲಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿ ಎಂದು ನೋಡುವ ಕಾಯಿದೆಯನ್ನು ಬ್ರಿಟಿಷ್ ಸರ್ಕಾರ 1859ರಲ್ಲೇ ತಂದಿತ್ತು. ಮುಂದೆ ಅದು ರದ್ದಾಯಿತು; ತೋಟಗಳಲ್ಲಿ ಮುಂಗಡ ಮಾತ್ರ ಉಳಿಯಿತು. ಸಾಲ ತೀರಿಸಲಾಗದವರನ್ನು ಜೀತಕ್ಕಿಡುವುದನ್ನು ನಿಷೇಧಿಸುವ ಕಾಯಿದೆ ಬರುವ ಹೊತ್ತಿಗೆ 1976 ಆಗಿತ್ತು.

ನಮ್ಮ ಲೈನಿನಲ್ಲಿ ತುಳು ಆಡುವವರು ಒಂದು ಕಡೆ, ತಮಿಳು ಆಡುವವರು ಇನ್ನೊಂದು ಕಡೆ, ಇಲ್ಲಿಯವರೇ ಆದ ಹೊಲೆಯ ಮಾದಿಗರು ಕೊನೆಯ ಮನೆಗಳಲ್ಲಿ. ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಿರಲಿಲ್ಲ. ಮಾಲೀಕರ ದೊಡ್ಡಮನೆಯ ಹಿತ್ತಲಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಮರ್ಯಾದೆ: ಗೆರಟೆಯಲ್ಲಿ ಕಾಫಿ, ಅದೂ ಮೇಲಿಂದ ಹೊಯ್ಯುವುದು. ಆ ಕಾಫಿಯ ಹಣ್ಣು ಕುಯ್ದ ಕೈಗಳಿಗೆ ಲೋಟ ಮುಟ್ಟುವ ಹಕ್ಕಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಎಂಬತ್ತರ ದಶಕದ ಶುರುವಿನಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಬಂದರು. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಹುಟ್ಟುಹಾಕಿದ ಸಂಘಟನೆ ನಮ್ಮ ಗುಡ್ಡಗಳಿಗೆ ದೂರದ್ದೇನಲ್ಲ. 1973ರ ಬೂಸಾ ಗಲಾಟೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದಿದ್ದ ಸಚಿವ ಬಸವಲಿಂಗಪ್ಪನವರ ಪರ ನಿಂತು ಏಟು ತಿಂದ ಪೀಳಿಗೆ ಅದು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ, ‘ಸಾವಿರಾರು ನದಿಗಳು’ 1979ರಲ್ಲಿ ಬಂದಿದ್ದವು. ನಮ್ಮಲ್ಲಿ ಯಾರೂ ಆ ಪುಸ್ತಕಗಳನ್ನು ನೋಡಿರಲಿಲ್ಲ. ‘ನಲವತ್ತೇಳರ ಸ್ವಾತಂತ್ರ್ಯ’ದ ಹಾಡು ಬಾಯಿಂದ ಬಾಯಿಗೆ ಬಂತು. ಬಟವಾಡೆಯಾದ ಮೇಲೆ ಸಂತೆಗೆ ಹೋದವರು ಮೈದಾನದಲ್ಲಿ ಅದನ್ನು ಕೇಳಿ ನಿಂತರು. ಸ್ವಾತಂತ್ರ್ಯ ಬಂದದ್ದು ಯಾರ ಮನೆಗೆ ಎಂದು ಅದು ಕೇಳುತ್ತದೆ, ಉಳ್ಳವರ ಮನೆಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ. ನಮ್ಮಮ್ಮ ಸಂತೆ ಚೀಲ ಕೆಳಗಿಟ್ಟು ಪೂರ್ತಿ ಕೇಳಿದಳು. “ಬರ್ದೋರು ಯಾರು ಮಗಾ? ನಮ್ಮ ಲೈನಿಗೆ ಬಂದು ನೋಡ್ಕಂಡು ಹೋದಂಗೈತಲ್ಲ” ಅಂದಳು.

ಸಿದ್ದಲಿಂಗಯ್ಯನವರು ನೋಡಿದ್ದು ಮಾಗಡಿ ಸೀಮೆಯ ತಮ್ಮೂರು ಮಂಚನಬೆಲೆಯನ್ನು. ಅಪ್ಪನ ಹೆಗಲ ಮೇಲೆ ನೊಗವಿಟ್ಟು ಹೊಲ ಉಳುತ್ತಿದ್ದುದನ್ನು ಹುಡುಗನಾಗಿದ್ದಾಗ ಕಂಡದ್ದನ್ನು ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಬರೆದಿದ್ದಾರೆ.

ಸ್ವಾತಂತ್ರ್ಯ ಯಾರ ಮನೆಗೆ ಬಂತು ಎಂಬ ಹಾಡಿನ ಪ್ರಶ್ನೆಗೆ ನಮ್ಮ ಕಡೆ ಉತ್ತರ ಕಾಗದದ ಮೇಲೇ ಇತ್ತು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದಾಗ ನಾಡಿನ ಗೇಣಿದಾರರು ಭೂಮಿಯ ಒಡೆಯರಾದರು. ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಮಾತ್ರ ಭೂಮಿತಿಯಿಂದ ಹೊರಗುಳಿದವು. ನೂರಾರು ಎಕರೆಯ ತೋಟ ಹಾಗೇ ಉಳಿಯಿತು, ಅದರಲ್ಲಿ ಮೂರು ತಲೆಮಾರು ದುಡಿದವರು ಗೇಣಿದಾರರೂ ಅಲ್ಲದೆ ಕೂಲಿಗಳಾಗೇ ಉಳಿದರು. 1951ರ ತೋಟ ಕಾರ್ಮಿಕರ ಕಾಯಿದೆ ಆಳಿಗೆ ಮನೆ ಕೊಡಬೇಕೆಂದು ಮಾಲೀಕರಿಗೆ ಹೇಳಿತ್ತು. ಒಳ್ಳೆಯದೇ. ಆದರೆ ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಮನೆ ಕಳೆದುಕೊಳ್ಳುವ ಭಯವಿದ್ದವರು ಕೂಲಿ ಕೇಳಲು ಬಾಯಿ ತೆರೆಯುವುದು ಹೇಗೆ? 1978ರಲ್ಲಿ ಮೀಸಲು ಕ್ಷೇತ್ರ ಮೂಡಿಗೆರೆಯಿಂದ ಮೋಟಮ್ಮನವರು ಗೆದ್ದು ವಿಧಾನಸಭೆಗೆ ಹೋದರು. ನಮ್ಮ ಓಟಿಗೆ ಬೆಲೆ ಬಂತು, ನಿಂತ ನೆಲ ನಮ್ಮದಾಗಲಿಲ್ಲ.

ಹಾಡು ಮಾಡಿದ ದೊಡ್ಡ ಕೆಲಸ ಇನ್ನೊಂದಿದೆ. ಅದರ ಪಲ್ಲವಿ ಹೇಳಲು ಅಕ್ಷರ ಬೇಡ, ಇಂಪಾದ ಕಂಠವೂ ಬೇಡ. ತುಳುವಿನವರು, ತಮಿಳಿನವರು, ಇಲ್ಲಿನವರು ಒಟ್ಟಿಗೆ ದನಿ ಸೇರಿಸಿದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಒಬ್ಬರ ಒಲೆಯ ಮೇಲಿನ ಬೆಲ್ಲದ ಕಾಫಿಯನ್ನು ಇನ್ನೊಬ್ಬರು ಕುಡಿದದ್ದು ಹಾಗೆ ಕೂಡಿ ಹಾಡಿದ ರಾತ್ರಿಗಳಲ್ಲಿ. ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ 1945–46ರಲ್ಲಿ ಸಿಗಾರ್ ಕಾರ್ಖಾನೆಯ ಕಪ್ಪು ಹೆಂಗಸರು ಮುಷ್ಕರ ಹೂಡಿ ಹಾಡಿದ ಚರ್ಚಿನ ಹಾಡೇ ಮುಂದೆ ‘ವಿ ಶಲ್ ಓವರ್‌ಕಮ್’ ಆಗಿ ಲೋಕವೆಲ್ಲ ಹಬ್ಬಿತು ಎಂದು ಓದಿದಾಗ ನನಗೆ ನಮ್ಮ ಲೈನಿನ ಹೆಂಗಸರೇ ಕಣ್ಣಮುಂದೆ ಬಂದರು. ಅಲ್ಲಿ ಬಣ್ಣ, ಇಲ್ಲಿ ಜಾತಿ. ಅಲ್ಲಿ ಹೊಗೆಸೊಪ್ಪು, ಇಲ್ಲಿ ಕಾಫಿ.

ಸಿದ್ದಲಿಂಗಯ್ಯನವರು 2021ರ ಜೂನ್‌ನಲ್ಲಿ ಕೊರೊನಾದಿಂದ ತೀರಿಕೊಂಡರು. ಮರುವರ್ಷ ಅಕ್ಟೋಬರ್‌ನಲ್ಲಿ, ಮುಂಗಡದ ಹಣಕ್ಕಾಗಿ ದಲಿತ ಕೂಲಿಗಳನ್ನು ತೋಟದಲ್ಲಿ ಕೂಡಿಹಾಕಿದರೆಂಬ ದೂರು ನಮ್ಮ ಜಿಲ್ಲೆಯಲ್ಲೇ ದಾಖಲಾಯಿತು. ಸುದ್ದಿ ಓದಿದಾಗ ಚಾರ್ಮಾಡಿ ಹತ್ತಿ ಬಂದ ಅಜ್ಜನ ನೆನಪಾಯಿತು.

ಈಗ ಕಳಸ, ಮೂಡಿಗೆರೆ ಕಡೆಯ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ನಮ್ಮವರೇ ಅವರನ್ನು ‘ಹೊರಗಿನವರು’ ಎನ್ನುವುದನ್ನು ಕೇಳಿದ್ದೇನೆ. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಗೆ ಹಾಡು ಹೇಳಿಕೊಡುವ ಹುಡುಗರಿಗೆ ನಾನು ಹೇಳುತ್ತಿರುವುದು ಇಷ್ಟೇ: ಆ ಮನೆಗಳಿಗೂ ಹೋಗಿ ಕರೆಯಿರಿ, ಹಾಡಿನ ಪ್ರಶ್ನೆಯ ಅರ್ಥವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವರು ಎಷ್ಟು ಮುಂಗಡ ಹಿಡಿದು ಬಂದಿದ್ದಾರೆ ಎಂದು ಕೂತು ಕೇಳಿ.